ಹೊಸ ಪ್ರೊಸೆಸರ್, ಹಳೆಯ ನಾಲ್ಕು ರ‍್ಯಾಮ್

ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಪ್ರೊಸೆಸರ್ ಹಾಕಿದ ಮೇಲೆ ನನ್ನ ಕಂಪ್ಯೂಟರಿನ ವೇಗ ಎದ್ದು ಕಾಣುವಷ್ಟು ಹೆಚ್ಚಿತು. ಆದರೆ ಪ್ರೋಗ್ರಾಂಗಳು ಹೇಳದೆ ಕೇಳದೆ ಮುಚ್ಚಿಕೊಳ್ಳತೊಡಗಿದವು. ಪುಸ್ತಕಗಳ ಪುಟ ವಿನ್ಯಾಸ ನನ್ನ ಕೆಲಸ. ಪುಟ ಜೋಡಿಸುವಾಗ ಒಮ್ಮೆ, ಪಿಡಿಎಫ್ ಮಾಡುವಾಗ ಒಮ್ಮೆ, ಸುಮ್ನೆ ಬ್ರೌಸರ್ ತೆರೆದಿಟ್ಟಾಗ ಇನ್ನೊಮ್ಮೆ. ಕಂಪ್ಯೂಟರ್ ನಿಲ್ಲುತ್ತಿರಲಿಲ್ಲ, ಪ್ರೋಗ್ರಾಂ ಮಾತ್ರ ಮಾಯ.

ಅಂಗಡಿಗೆ ಫೋನ್ ಮಾಡಿದೆ. "ವಿಂಡೋಸ್ ಹೊಸದಾಗಿ ಹಾಕ್ಬಿಡಿ ಸರ್, ಸರಿಹೋಗುತ್ತೆ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಒಂದೇ ಪ್ರೋಗ್ರಾಂ ಒಂದೇ ಕೆಲಸ ಮಾಡುವಾಗ ಬಿದ್ದರೆ ಅದರದೇ ದೋಷ ಇರಬಹುದು. ಒಂದಕ್ಕೊಂದು ಸಂಬಂಧವೇ ಇಲ್ಲದವು ಮನಸ್ಸಿಗೆ ಬಂದಾಗಲೆಲ್ಲ ಬೀಳುತ್ತಿದ್ದರೆ, ಅವು ನಿಂತ ನೆಲವನ್ನೇ ನೋಡಬೇಕಲ್ವಾ?

ವಿಂಡೋಸ್‌ನಲ್ಲಿ ಆದ ತಪ್ಪುಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದೆ. ಪ್ರತಿ ಸಲ ಬೇರೆ ಫೈಲಿನ ಹೆಸರು, ಕೋಡ್ ಮಾತ್ರ ಹೆಚ್ಚಾಗಿ ಒಂದೇ: ಸಿ0000005. ತನಗೆ ಅನುಮತಿ ಇಲ್ಲದ ಮೆಮೊರಿ ವಿಳಾಸಕ್ಕೆ ಪ್ರೋಗ್ರಾಂ ಕೈ ಹಾಕಿದಾಗ ಬರುವ ಕೋಡ್ ಅದು. ಪ್ರೋಗ್ರಾಂ ಬರೆದವರ ತಪ್ಪಿನಿಂದಲೂ ಬರುತ್ತದೆ. ಮೆಮೊರಿಯಲ್ಲಿ, ಅಂದರೆ ರ‍್ಯಾಮ್‌ನಲ್ಲಿ, ಒಂದು ಬಿಟ್ ಬದಲಾಗಿ ವಿಳಾಸವೇ ಕೆಟ್ಟರೂ ಬರುತ್ತದೆ.

ಭಾನುವಾರ ಬಾಮೈದ ಮನೆಗೆ ಬಂದಿದ್ದ. ವೈಟ್‌ಫೀಲ್ಡಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಅವನದು.

"ಭಾವ, ರ‍್ಯಾಮ್ ಎಷ್ಟು ಸ್ಟಿಕ್ ಹಾಕಿದ್ದೀರ?"

"ನಾಲ್ಕು. ಹಳೇ ಪ್ರೊಸೆಸರ್‌ನಲ್ಲಿ ಇವೇ ನಾಲ್ಕು ಚೆನ್ನಾಗಿ ಓಡ್ತಿದ್ವಲ್ಲ."

"ಆ ಮೆಮೊರಿ ಕಂಟ್ರೋಲರ್ ಹಳೇ ಪ್ರೊಸೆಸರ್ ಜೊತೇನೇ ಹೋಯ್ತಲ್ಲ ಭಾವ."

ಇದೇ ಮುಖ್ಯ ಸಂಗತಿ. ರ‍್ಯಾಮ್‌ಗೆ ಬರೆಯುವ, ಅದರಿಂದ ಓದುವ ಕೆಲಸ ನಡೆಸುವ ಮೆಮೊರಿ ಕಂಟ್ರೋಲರ್ ಹಿಂದೆ ಮದರ್‌ಬೋರ್ಡಿನ ಚಿಪ್‌ಸೆಟ್‌ನಲ್ಲಿ ಇರುತ್ತಿತ್ತು. ಡೆಸ್ಕ್‌ಟಾಪ್‌ಗಳಲ್ಲಿ ಎಎಂಡಿ 2003ರಲ್ಲಿ, ಇಂಟೆಲ್ 2008ರಲ್ಲಿ ಅದನ್ನು ಪ್ರೊಸೆಸರ್‌ನ ಒಳಗೇ ತಂದವು. ಹಾಗಾಗಿ ಪ್ರೊಸೆಸರ್ ಬದಲಾದರೆ ರ‍್ಯಾಮ್ ಜೊತೆ ಮಾತಾಡುವ ಭಾಗವೂ ಬದಲಾಗುತ್ತದೆ. ನನ್ನ ಡಿಡಿಆರ್4 ತಲೆಮಾರಿನ ಸ್ಟಿಕ್‌ಗಳು ಎಕ್ಸ್‌ಎಂಪಿ ಅನ್ನುವ, ಮಾಮೂಲಿಗಿಂತ ಹೆಚ್ಚು ವೇಗ ಕೊಡುವ ಸೆಟ್ಟಿಂಗ್‌ನಲ್ಲಿ 3200ರ ವೇಗಕ್ಕೆ, 1.35 ವೋಲ್ಟ್‌ಗೆ ಓಡುತ್ತಿದ್ದವು. ಡಿಡಿಆರ್4ನ ಮಾಮೂಲಿ ವೋಲ್ಟೇಜ್ 1.2. ಪೆಟ್ಟಿಗೆಯ ಮೇಲೆ 3200 ಅಂತ ಅಚ್ಚಾಗಿದ್ದರೂ ನಾಲ್ಕು ಸ್ಟಿಕ್ ತುಂಬಿದಾಗ ಅಷ್ಟು ವೇಗ ಸಿಕ್ಕೇ ಸಿಗುತ್ತದೆ ಅನ್ನುವ ಖಾತ್ರಿಯಿಲ್ಲ. ಸ್ಟಿಕ್ ಜಾಸ್ತಿಯಾದಷ್ಟೂ ಕಂಟ್ರೋಲರ್ ಮೇಲೆ ಹೊರೆ. ಕೊಳ್ಳುವಾಗ ಅಂಗಡಿಯವರು ಇದನ್ನು ಹೇಳಬೇಕು. ಯಾರೂ ಹೇಳುವುದಿಲ್ಲ.

ಪೆನ್‌ಡ್ರೈವ್‌ನಲ್ಲಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಓಡಿಸಿದೆವು. ಬೆಳಿಗ್ಗೆ ಪರದೆಯ ಮೇಲೆ ಕೆಂಪು ಸಾಲುಗಳು. ಎರಡು ಸ್ಟಿಕ್ ತೆಗೆದು ಓಡಿಸಿದರೆ ಒಂದೂ ತಪ್ಪಿಲ್ಲ. ತೆಗೆದ ಆ ಎರಡನ್ನೇ ಹಾಕಿ ನೋಡಿದರೂ ಇಲ್ಲ. ರ‍್ಯಾಮ್ ಕೆಟ್ಟಿರಲಿಲ್ಲ. ನಾಲ್ಕನ್ನೂ ಒಟ್ಟಿಗೆ ಆ ವೇಗದಲ್ಲಿ ಓಡಿಸುವುದು ಹೊಸ ಕಂಟ್ರೋಲರ್‌ಗೆ ಆಗುತ್ತಿರಲಿಲ್ಲ, ಅಷ್ಟೇ.

ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋಗಿ ವೇಗವನ್ನು 2933ಕ್ಕೆ ಇಳಿಸಿದೆವು. ನಾಲ್ಕೂ ಸ್ಟಿಕ್ ಹಾಕಿ ಮತ್ತೆ ಪರೀಕ್ಷೆ ಮಾಡಿದರೆ ತಪ್ಪಿಲ್ಲ. ಅರ್ಧಕ್ಕೇ ನಿಲ್ಲುತ್ತಿದ್ದ ದಪ್ಪ ಪುಸ್ತಕದ ಪಿಡಿಎಫ್ ಅದೇ ಸಂಜೆ ಪೂರ್ತಿಯಾಗಿ ಹೊರಬಂತು. ಹೊಸ ಬಯಾಸ್ ಹಾಕಿದರೆ 3200 ಕೂಡ ಸಿಗಬಹುದು ಅನ್ನುತ್ತಾನೆ ಬಾಮೈದ. ಪುಸ್ತಕ ಅಚ್ಚಿಗೆ ಹೋಗುವವರೆಗೆ ನಾನಂತೂ ಅದನ್ನು ಮುಟ್ಟುವುದಿಲ್ಲ.