ಕಾವಿ ಗೋಡೆಗೆ ಲೇಸರ್ ಕೆಲಸ

ಕಾರವಾರದ ಒಂದು ಹೋಂಸ್ಟೇ ಹಜಾರಕ್ಕೆ ಎರಡು ಪದರದ ವಾಲ್‌ಪೇಪರ್ ಮಾಡಿಕೊಟ್ಟೆವು. ಕೆಳಗಿನದು ಡಿಜಿಟಲ್ ಪ್ರಿಂಟ್, ಮೇಲಿನದು ಲೇಸರ್‌ನಲ್ಲಿ ಕೊರೆದದ್ದು. ಫಾರಿನ್ ಡಿಸೈನಾ ಅಂತ ಕೇಳುವವರಿಗೆ ಕುಮಟಾ, ಅಂಕೋಲಾ ಕಡೆಯ ಹಳೇ ದೇವಸ್ಥಾನಗಳನ್ನು ನೋಡಿ ಬನ್ನಿ ಅನ್ನುತ್ತೇನೆ. ಅಲ್ಲಿನ ಗೋಡೆಗಳ ಕಾವಿ ಕಲೆಯಲ್ಲೂ ಬಿಳಿ ಗಾರೆಯ ಮೇಲೆ ಕೆಮ್ಮಣ್ಣು ಬೆರೆಸಿದ ಸುಣ್ಣದ ಇನ್ನೊಂದು ಪದರ ಇರುತ್ತದೆ. ಅದು ಹಸಿಯಿರುವಾಗಲೇ ಚೂಪು ಮೊನೆಯಿಂದ ಕೆರೆದು ಒಳಗಿನ ಬಿಳಿ ಕಾಣುವಂತೆ ಮಾಡುತ್ತಾರೆ. ನಾವು ಮಾಡಿದ್ದೂ ಅಷ್ಟೇ, ಮೊನೆಯ ಬದಲು ಲೇಸರ್.

ತೊಡಕು ಬಂದದ್ದು ಹೂವಿನ ನಡುವಿನ ಕೆಂಪು ಬೊಟ್ಟಿನಲ್ಲಿ. ಗಾರೆಯಲ್ಲಾದರೆ ಅದು ಕೆಳಗಿನ ಸುಣ್ಣವನ್ನು ಕಚ್ಚಿಕೊಂಡಿರುತ್ತದೆ. ಹಾಳೆಯಲ್ಲಿ ಸುತ್ತ ಕೊರೆದ ಕೂಡಲೇ ಮಷಿನ್ನಿನ ಜಾಲರಿಯೊಳಗೆ ಬಿದ್ದು ಮಾಯ! ಎಸಳಿಗೂ ಬೊಟ್ಟಿಗೂ ನಡುವೆ ಸಣ್ಣ ಕೊಂಡಿ ಬಿಡಬಹುದು. ಆದರೆ ಕೈವಾರದಲ್ಲಿ ಎಳೆದ ಆರೆಸಳಿನ ಹೂವು ಆಗ ಜಾತ್ರೆಯಲ್ಲಿ ಸಿಗುವ ರಂಗೋಲಿ ಅಚ್ಚಿನ ಹಾಗೆ ಕಾಣುತ್ತದೆ. ಅದಕ್ಕೇ ಹಿಂಬದಿಗೆ ಅಂಟು ಸವರಿದ ಕಾಗದದ ಹಾಳೆ ತರಿಸಿ, ಲೇಸರ್ ಪವರ್ ಇಳಿಸಿ, ಅಂಟಿನಡಿಯ ಸುಲಿದು ತೆಗೆಯುವ ಸಿಪ್ಪೆಕಾಗದ ತುಂಡಾಗದಂತೆ ಮೇಲಿನದನ್ನು ಮಾತ್ರ ಕೊರೆಸಿದೆ. ಬೇಡದ ಚೂರು ಕಿತ್ತು, ಮೇಲೆ ಟ್ರಾನ್ಸ್‌ಫರ್ ಟೇಪ್ ಒತ್ತಿ ಎತ್ತಿದರೆ ಬೊಟ್ಟು ಎಸಳು ಎಲ್ಲ ಇದ್ದಲ್ಲೇ ಇರುತ್ತವೆ.

ಲೇಸರ್ ಕಾಗದವನ್ನು ಸುಟ್ಟೇ ಕೊರೆಯುವುದು, ಅಂಚು ಕಂದಾಗುತ್ತದೆ. ಬಿಳಿ ಹಾಳೆಯಲ್ಲಿ ಅದು ಕೊಳೆ, ಕಾವಿ ಬಣ್ಣದ ಹಾಳೆಯಲ್ಲಿ ತಿದ್ದಿದ ಗೆರೆ. ಗಾಢ ಬಣ್ಣ ಮೇಲಿರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಕೆಳಗಿನ ಪದರಕ್ಕೆ ಹಳೇ ಸುಣ್ಣದ ಗೋಡೆಯ ಫೋಟೋ ಪ್ರಿಂಟ್ ಹಾಕಿದ್ದು. ಅಂಚುಪಟ್ಟಿ ಮಾತ್ರ 3 ಮಿ.ಮೀ. ಅಕ್ರಿಲಿಕ್. (ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ನಮ್ಮ ಮಳೆಗೆ ಉಬ್ಬುತ್ತದೆ, ಬೇಡ.) "ಅಕ್ಕಾ, ಪಟ್ಟಿ ಅಡಿಗೆ ನೆರಳೂ ಪ್ರಿಂಟ್ ಮಾಡ್ಬಿಡ್ವಾ?" ಅಂದ ನಮ್ಮ ಹುಡುಗ. ಬೇಡವೋ ಮಾರಾಯ ಅಂದೆ. ಬೆಳಿಗ್ಗೆ ಬಾಗಿಲ ಕಡೆಯಿಂದ, ಸಂಜೆ ಕಿಟಕಿಯಿಂದ ಬೆಳಕು ಬರುವ ಹಜಾರ ಅದು, ಪ್ರಿಂಟಿನ ನೆರಳು ಮಾತ್ರ ಜಗ್ಗದೆ ಒಂದೇ ಕಡೆ ಬಿದ್ದಿರುತ್ತಿತ್ತು.

ಪಿವಿಸಿ ವಿನೈಲ್ ಅಗ್ಗ, ಯಾವ ಫ್ಲೆಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ಲೇಸರ್‌ಗೆ ಮಾತ್ರ ಕೊಡಬೇಡಿ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಉಸಿರಿಗೂ ಕೆಟ್ಟದ್ದು, ಮಷಿನ್ನಿನ ಕಬ್ಬಿಣಕ್ಕೂ ತುಕ್ಕು. ಗೋಡೆಗೂ ವಿನೈಲ್ ಆಗಿಬರುವುದಿಲ್ಲ. ನಮ್ಮ ಕಡೆ ಗೋಡೆ ಕಟ್ಟುವ ಚಿರೆಕಲ್ಲು (ಕೆಂಪು ಮುರಕಲ್ಲು) ಮಳೆಗಾಲವಿಡೀ ನೀರು ಕುಡಿಯುತ್ತದೆ, ವಿನೈಲ್ ಆ ಪಸೆ ಹೊರಬಿಡದೆ ಹಿಂದೆ ಬೂಷ್ಟು ಸಾಕುತ್ತದೆ. ನೇಯದೆ ನಾರು ಬೆಸೆದು ಮಾಡಿದ ನಾನ್‌ವೋವನ್ ಹಾಳೆಯಲ್ಲಿ ಗಾಳಿಯಾಡುತ್ತದೆ, ಒದ್ದೆ ಹವೆಗೆ ಹೆಚ್ಚು ಹಿಗ್ಗುವುದೂ ಇಲ್ಲ.

ಲೇಸರ್ ಮೇಜು ಗೋಡೆಯಷ್ಟು ದೊಡ್ಡದಿಲ್ಲವಲ್ಲ, ಮೇಲಿನ ಪದರ ತುಂಡು ತುಂಡಾಗಿಯೇ ಬರುತ್ತದೆ. ಜೋಡಣೆಯನ್ನು ನೆಟ್ಟಗೆ ಇಳಿಸದೆ ಬಳ್ಳಿಯ ಅಂಚಿನಲ್ಲೇ ಬಳಸಿಕೊಂಡು ಕೊರೆಸಿ, ಕಣ್ಣಿಗೆ ಬೀಳುವುದಿಲ್ಲ. ದರ ನಿಮಿಷದ ಲೆಕ್ಕ, ಕೊರೆತ ನಾಜೂಕಾದಷ್ಟೂ ಬಿಲ್ಲು ಉದ್ದ.

ಎಲ್ಲರಿಗೂ ಚೌತಿಯೊಳಗೆ ಬೇಕು. ಗೋಡೆ ಸರಿಯಾಗಿ ತೇವ ಹೀರಿ ಕೂತಿರುವುದೂ ಆಗಲೇ. ದೀಪಾವಳಿ ಕಳೆಯಲಿ, ಅಲ್ಲಿವರೆಗೆ ಅಡ್ವಾನ್ಸೂ ಬೇಡ ಅನ್ನುತ್ತೇನೆ.