ಹಾಡಿಯ ಸೋಲಾರ್ ರಿಪೇರಿ ಹಾಡಿಯವರೇ ಮಾಡಬೇಕು

ಎಚ್.ಡಿ. ಕೋಟೆ, ಹುಣಸೂರು ಕಡೆಯ ಜೇನುಕುರುಬರ ಹಾಡಿಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ (ಹಾಡಿ, ಪೋಡು ಎಂದರೆ ಬುಡಕಟ್ಟು ಜನರ ಪುಟ್ಟ ಊರು) ಸೂರಿನ ಮೇಲೆ ಸೋಲಾರ್ ಪ್ಯಾನೆಲ್ ಕಾಣುವುದು ಈಗ ಹೊಸದೇನಲ್ಲ. ಹಾಕಿದವರು ಪೇಟೆಗೆ ವಾಪಸಾದ ಮೇಲೆ ಒಂದು ಫ್ಯೂಸ್ ಹೋದರೂ ದೀಪ ತಿಂಗಳುಗಟ್ಟಲೆ ಆರಿಯೇ ಇರುತ್ತದೆ. ಆದ್ದರಿಂದ ತರಬೇತಿಗೆ ಹೊರಟ ಹಾಡಿಯ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಹಾಡಿಯಲ್ಲಿ ಯಾವುದು ಪದೇ ಪದೇ ಕೆಡುತ್ತದೋ ಅದರ ಕೆಲಸ ಕಲಿಯಿರಿ. ಹೊಸದಾಗಿ ಜೋಡಿಸುವುದಕ್ಕಿಂತ ರಿಪೇರಿ ಮುಖ್ಯ.

ಎಸ್‌ಎಸ್‌ಎಲ್‌ಸಿ ಪಾಸಾದವರಿಗೆ ಐಟಿಐ ಎಲೆಕ್ಟ್ರಿಷಿಯನ್ ಕೋರ್ಸ್ 2 ವರ್ಷದ್ದು. ಅಷ್ಟು ದಿನ ಮನೆ ಬಿಟ್ಟಿರಲು ಆಗದವರಿಗೆ ರುಡ್‌ಸೆಟಿ (ಹಳ್ಳಿಯವರಿಗೆ ಸ್ವಉದ್ಯೋಗ ತರಬೇತಿ ಕೊಡುವ ಸಂಸ್ಥೆ) ಮಾದರಿಯ ಸಂಸ್ಥೆಗಳಿವೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ಈ ಮಾದರಿಯಲ್ಲಿ ಊಟ, ವಸತಿ, ತರಬೇತಿ ಎಲ್ಲ ಉಚಿತ, ಅವಧಿಯೂ ಕಡಿಮೆ. ಸೇರುವ ಮೊದಲು ದೋಷ ಹುಡುಕುವುದನ್ನು ಎಷ್ಟು ಹೊತ್ತು ಕಲಿಸುತ್ತಾರೆ ಎಂದು ಕೇಳಿಯೇ ಬಿಡಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮುಂಚೆಯೇ ಮಾಡಿಸಿಡಿ. ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಹೆಸರಿನ ಒಂದಕ್ಷರ ಬೇರೆಯಿದ್ದರೂ ಅರ್ಜಿ ನಿಂತುಹೋಗುತ್ತದೆ.

ಈಗ ಬ್ಯಾಟರಿ ವಿಷಯ. ಅರ್ಧ ರಿಪೇರಿ ಇದರದ್ದೇ.

12 ವೋಲ್ಟಿನ ಟ್ಯೂಬುಲರ್ ಬ್ಯಾಟರಿಯಿಂದ ಪ್ಯಾನೆಲ್, ದೀಪ ಎರಡನ್ನೂ ಬಿಡಿಸಿ ಒಂದೆರಡು ಗಂಟೆ ಸುಮ್ಮನೆ ಬಿಡಬೇಕು. ಆಮೇಲೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದಾಗ 12.7ರ ಹತ್ತಿರ ತೋರಿಸಿದರೆ ತುಂಬಿದೆ, 12.2 ಆಸುಪಾಸು ಅಂದರೆ ಅರ್ಧ, 11.8ಕ್ಕಿಂತ ಕೆಳಗಾದರೆ ಖಾಲಿ ಎಂದೇ ಲೆಕ್ಕ. ಇಲ್ಲಿಗೇ ನಿಲ್ಲಿಸಬೇಡಿ. ಆರೂ ಸೆಲ್‌ಗಳ ಮುಚ್ಚಳ ತೆಗೆದು ಒಂದೊಂದಕ್ಕೂ ಹೈಡ್ರೋಮೀಟರ್ (ಒಳಗಿನ ಆಸಿಡ್ ದ್ರಾವಣದ ಸಾಂದ್ರತೆ ಅಳೆಯುವ ಸಾಧನ) ಹಾಕಿ ನೋಡಿ. ಐದರಲ್ಲಿ 1.230 ಇದ್ದು ಒಂದರಲ್ಲಿ ಮಾತ್ರ 1.150 ಬಂದರೆ ಆ ಸೆಲ್ ಕೆಟ್ಟಿದೆ, ಬ್ಯಾಟರಿ ಬದಲಾಯಿಸುವುದೇ ದಾರಿ. ಆರೂ ಒಂದೇ ಸಮ ಕೆಳಗಿದ್ದರೆ ಸಾಮಾನ್ಯವಾಗಿ ಬ್ಯಾಟರಿಯದು ತಪ್ಪಿರುವುದಿಲ್ಲ, ಚಾರ್ಜ್ ಸಾಲುತ್ತಿರುವುದಿಲ್ಲ. ನೆರಳು, ಪ್ಯಾನೆಲ್ ಮೇಲಿನ ಧೂಳು, ಸಡಿಲವಾದ ಟರ್ಮಿನಲ್ ಇವನ್ನು ನೋಡಿ. ಈ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೆಯ ಬ್ಯಾಟರಿ ಗುಜರಿಗೆ ಹೋಗುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರಿನ ಖನಿಜಾಂಶ ಪ್ಲೇಟುಗಳನ್ನು ಹಾಳುಮಾಡುತ್ತದೆ. ಆಸಿಡ್ ಸೇರಿಸುವುದಂತೂ ಬೇಡವೇ ಬೇಡ.

ಮಳೆಗಾಲದಲ್ಲಿ ಮೋಡ ಕವಿದು ಚಾರ್ಜ್ ಇಳಿದಾಗ ಕಂಟ್ರೋಲರ್ (ಪ್ಯಾನೆಲ್, ಬ್ಯಾಟರಿ, ದೀಪಗಳ ನಡುವೆ ಕೂತು ಚಾರ್ಜ್ ನಿಯಂತ್ರಿಸುವ ಪೆಟ್ಟಿಗೆ) ತಾನಾಗಿ ದೀಪ ಆರಿಸುತ್ತದೆ. ಆಗ ಮನೆಯವರು ಬಲ್ಬಿನ ವೈರನ್ನು ನೇರ ಬ್ಯಾಟರಿಗೆ ಕೊಡುತ್ತಾರೆ. ಆನೆ ಓಡಾಡುವ ಜಾಗದಲ್ಲಿ ರಾತ್ರಿ ಕತ್ತಲಲ್ಲಿ ಕೂರಲು ಯಾರಿಗೂ ಮನಸ್ಸಾಗುವುದಿಲ್ಲ, ನಿಜ. ಆದರೆ ಪೂರ್ತಿ ಖಾಲಿಯಾಗಿ ಹಾಗೇ ಉಳಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಪೇಟೆಯ ಮೆಕ್ಯಾನಿಕ್ ಬೈದು ಹೋಗುತ್ತಾನೆ. ಹಾಡಿಯಲ್ಲೇ ಹುಟ್ಟಿದವಳು ಮನೆಮಾತಿನಲ್ಲಿ ಕೂತು ಹೇಳಿದರೆ ಅಜ್ಜಿಯೂ ಕೇಳುತ್ತಾಳೆ, ಮಳೆಗಾಲದಲ್ಲಿ ಎರಡರ ಬದಲು ಒಂದೇ ದೀಪ ಉರಿಸಲು ಒಪ್ಪುತ್ತಾಳೆ. ಈ ಕೆಲಸಕ್ಕೆ ಹಾಡಿಯವರೇ ಬೇಕು ಎನ್ನುವುದು ಇದಕ್ಕೇ.

ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ದೀಪ. ಬಿಚ್ಚುವಾಗ ಉಲ್ಟಾ. 12 ವೋಲ್ಟಿನದು ಎನ್ನುವ ಪ್ಯಾನೆಲ್ ಏನೂ ಜೋಡಿಸದಿದ್ದಾಗ 21 ವೋಲ್ಟಿನವರೆಗೂ ಕೊಡುತ್ತದೆ, ಬ್ಯಾಟರಿಯಿಲ್ಲದೆ ಕೊಟ್ಟರೆ ಕಂಟ್ರೋಲರ್ ಸುಡಬಹುದು.

ಪ್ಯಾನೆಲ್ ದಕ್ಷಿಣಕ್ಕೆ ಮುಖಮಾಡಿ 12ರಿಂದ 15 ಡಿಗ್ರಿ ಓರೆಯಾಗಿರಲಿ. ಪ್ಯಾನೆಲ್ಲಿನ ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುವುದರಿಂದ ಒಂದರ ಮೇಲೆ ಕೊಂಬೆಯ ನೆರಳು ಬಿದ್ದರೂ ಕರೆಂಟ್ ತೀರಾ ಇಳಿಯುತ್ತದೆ. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಕೊಂಬೆ ಕಡಿಯಲು ಹೋಗಬೇಡಿ, ಪ್ಯಾನೆಲ್ಲನ್ನೇ ಬಿಸಿಲಿರುವ ಕಂಬಕ್ಕೆ ಸಾಗಿಸಿ. ಆಗ ವೈರ್ ದಪ್ಪಗಿರಬೇಕು. 10 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 5 ಆಂಪಿಯರ್ ಹರಿದರೆ ದಾರಿಯಲ್ಲೇ 1 ವೋಲ್ಟಿಗಿಂತ ಹೆಚ್ಚು ಕರಗುತ್ತದೆ. 4 ಚದರ ಮಿಲಿಮೀಟರಿನದು ಹಾಕಿದರೆ ಅರ್ಧ ವೋಲ್ಟೂ ಹೋಗುವುದಿಲ್ಲ.

ತರಬೇತಿಗೆ ಪೇಟೆಗೇ ಹೋಗಬೇಕೆಂದೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಓದಿ. ಶಾಲೆ, ಅಂಗನವಾಡಿ, ಕುಡಿಯುವ ನೀರಿನ ಜೊತೆಗೆ ವೃತ್ತಿ ತರಬೇತಿ ಕೇಂದ್ರಕ್ಕೂ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ಕೊಡಲು ಅಲ್ಲಿ ಅವಕಾಶವಿದೆ. ಕಡಿಯುವ ಮರಗಳು ಹೆಕ್ಟೇರಿಗೆ 75ರ ಮಿತಿ ಮೀರುವಂತಿಲ್ಲ, ಗ್ರಾಮಸಭೆಯ ಶಿಫಾರಸು ಕಡ್ಡಾಯ. ಹಾಡಿಯ ಗ್ರಾಮಸಭೆ ಈ ಅರ್ಜಿ ಹಾಕಲೇಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ದುಡ್ಡಿನ ಮಾತು. ಸೇವೆ ಎಂದು ಬಿಟ್ಟಿ ದುಡಿಸಿದರೆ ಕಲಿತವರು ಮೈಸೂರಿಗೋ ಬೆಂಗಳೂರಿಗೋ ಹೋಗಿಬಿಡುತ್ತಾರೆ, ಅವರನ್ನು ದೂರುವಂತಿಲ್ಲ. ತರಬೇತಿಗೆ ಕಳಿಸುವ ಮೊದಲೇ ರಿಪೇರಿ ಮಾಡುವವರಿಗೆ ಪ್ರತಿ ಮನೆಯೂ ತಿಂಗಳಿಗೆ ಇಷ್ಟು ಕೊಡಬೇಕು ಎಂದು ಸಭೆಯಲ್ಲಿ ತೀರ್ಮಾನಿಸಿ, ಪುಸ್ತಕದಲ್ಲಿ ಬರೆಸಿ. ಮಲ್ಟಿಮೀಟರ್, ಹೈಡ್ರೋಮೀಟರ್, ಸ್ಪ್ಯಾನರ್ ಸೆಟ್, ಫ್ಯೂಸುಗಳು, ಟರ್ಮಿನಲ್ಲಿಗೆ ಹಚ್ಚುವ ಪೆಟ್ರೋಲಿಯಂ ಜೆಲ್ಲಿ, ರಬ್ಬರ್ ಗ್ಲೌಸ್ ಹಾಡಿಯ ಹೆಸರಿನಲ್ಲೇ ಖರೀದಿಯಾಗಲಿ. ಒಬ್ಬಳು ಮದುವೆಯಾಗಿ ಬೇರೆ ಹಾಡಿಗೆ ಹೋದರೂ ಪೆಟ್ಟಿಗೆ ಇಲ್ಲೇ ಉಳಿಯುತ್ತದೆ. ಕಳಿಸುವಾಗಲೂ ಒಬ್ಬರನ್ನಲ್ಲ, ಇಬ್ಬರನ್ನು ಕಳಿಸಿ.