ಮುಳ್ಳು ಕುಸಿದ ಅರ್ಧ ಸೆಕೆಂಡ್

ಆಯಿಲ್ ಪ್ರೆಶರ್ ತೋರಿಸುವ ಮುಳ್ಳು ನಾಲ್ಕು ಬಾರ್‌ನಿಂದ ಒಂದೂವರೆಗೆ ಬಿದ್ದು ಮತ್ತೆ ಎದ್ದು ನಿಂತಿತು. ನಡುವೆ ಕಳೆದದ್ದು ಹೆಚ್ಚೆಂದರೆ ಅರ್ಧ ಸೆಕೆಂಡ್. ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೊಟ್ಟೈ ರೇಸ್ ಟ್ರ್ಯಾಕ್‌ನಲ್ಲಿ, ಮುಖ್ಯ ನೇರ ದಾರಿ ಮುಗಿದ ಮೇಲೆ ಬರುವ ವೇಗದ ತಿರುವಿನ ಮಧ್ಯದಲ್ಲಿದ್ದೆ. ನಾಲ್ಕನೇ ಗೇರ್, ಎಂಜಿನ್ ನಿಮಿಷಕ್ಕೆ 6,000 ಸುತ್ತು. ಕೆಂಪು ದೀಪ ಹೊತ್ತಲಿಲ್ಲ, ಸದ್ದು ಬದಲಾಗಲಿಲ್ಲ, ಓಟದಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಕಣ್ಣು ಮೋಸ ಮಾಡಿತೇನೋ ಎಂದುಕೊಂಡು ಇನ್ನೊಂದು ಸುತ್ತು ಹೋದೆ. ಅದೇ ತಿರುವು, ಅದೇ ಜಾಗ, ಮುಳ್ಳು ಮತ್ತೆ ಕುಸಿಯಿತು. ಆ ಎರಡನೆಯ ಸುತ್ತು ಹೋಗಬಾರದಿತ್ತು ಎಂಬುದು ಈಗಲೂ ಮನಸ್ಸಿನಲ್ಲಿ ಚುಚ್ಚುತ್ತದೆ. ಆಕ್ಸಿಲರೇಟರ್‌ನಿಂದ ಕಾಲನ್ನು ಮೆಲ್ಲಗೆ ತೆಗೆದು, ಕಿಟಕಿಯಿಂದ ಕೈ ತೋರಿಸಿ, ಕಾರುಗಳು ನಿಲ್ಲುವ ಪಿಟ್‌ಗೆ ಬಂದು ಎಂಜಿನ್ ಆರಿಸಿದೆ.

ಅದು 2019ರ ಡಿಸೆಂಬರ್. ಬೆಂಗಳೂರಿನಿಂದ ಮುನ್ನೂರು ಕಿಲೋಮೀಟರ್ ಓಡಿಸಿಕೊಂಡು ಹೋಗಿದ್ದ ನನ್ನ ಕಾರು ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನ ಸೆಡಾನ್. ಎರಡನೆಯ ಕೈಯಲ್ಲಿ ಕೊಂಡದ್ದು. ಆ ಮುಳ್ಳಿನ ಮೀಟರ್ ಕಾರಿನ ಜೊತೆಗೆ ಬಂದದ್ದಲ್ಲ. ಟ್ರ್ಯಾಕ್‌ಗೆ ಹೋಗುತ್ತೇನೆ ಎಂದು ಹೇಳಿದಾಗ ನಮ್ಮ ಮೇಸ್ತ್ರಿ, ಅದನ್ನು ಹಾಕಿಸದೆ ಹೋಗುವುದಾದರೆ ತನ್ನ ಗ್ಯಾರೇಜಿಗೆ ಕಾರನ್ನು ತರಲೇಬೇಡಿ ಎಂದು ಹಟ ಹಿಡಿದಿದ್ದರು. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಬುಡ್ಡಿಯ ಚಿತ್ರದ ಕೆಂಪು ದೀಪ ಇದೆಯಲ್ಲ ಎಂದು ನಾನು ವಾದಿಸಿದ್ದೆ. ಬಹಳಷ್ಟು ಕಾರುಗಳಲ್ಲಿ ಆ ದೀಪ ಹೊತ್ತುವುದು ಒತ್ತಡ ಅರ್ಧ ಬಾರ್‌ನ ಆಸುಪಾಸಿಗೆ ಇಳಿದ ಮೇಲೆ. ನಿಂತ ಕಾರಿನಲ್ಲಿ ಆ ಸೂಚನೆ ಸಾಕು. 6,000 ಸುತ್ತಿನಲ್ಲಿ ತಿರುಗುತ್ತಿರುವ ಎಂಜಿನ್ನಿಗೆ ಅದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಅರ್ಧ ಸೆಕೆಂಡಿಗೆ ಇಷ್ಟೊಂದು ಗಾಬರಿ ಏಕೆ ಎಂದು ಪಿಟ್‌ನಲ್ಲಿದ್ದ ಗೆಳೆಯರು ಕೇಳಿದರು. ನಿಮಿಷಕ್ಕೆ 6,000 ಎಂದರೆ ಸೆಕೆಂಡಿಗೆ 100 ಸುತ್ತು. ಮುಳ್ಳು ಕುಸಿದಿದ್ದ ಅಷ್ಟು ಹೊತ್ತಿನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಎಂಜಿನ್ನಿನ ಮುಖ್ಯ ಅಚ್ಚು, ಐವತ್ತು ಸಲ ತಿರುಗಿತ್ತು, ಬೇಕಾದಷ್ಟು ಆಯಿಲ್ ಇಲ್ಲದೆ. ಎಂಜಿನ್ನಿನ ಒಳಗಿನ ಬೇರಿಂಗ್ ಸೈಕಲ್ಲಿನ ಬೇರಿಂಗ್‌ನಂತೆ ಗುಂಡುಗಳಿರುವುದಲ್ಲ. ಅರ್ಧ ಬಳೆಯಂತೆ ಬಾಗಿದ ಎರಡು ತೆಳು ಶೆಲ್‌ಗಳು ಸೇರಿ ಕ್ರ್ಯಾಂಕನ್ನು ತಬ್ಬಿ ಹಿಡಿದಿರುತ್ತವೆ. ಶೆಲ್ಲಿಗೂ ಕ್ರ್ಯಾಂಕಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು, ತಲೆಗೂದಲಿಗಿಂತಲೂ ಸಣ್ಣದು. ಎಲ್ಲವೂ ಸರಿಯಿದ್ದರೆ ಓಡುತ್ತಿರುವ ಎಂಜಿನ್ನಿನಲ್ಲಿ ಈ ಎರಡು ಲೋಹಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ನಡುವೆ ಆಯಿಲ್ ಇರುತ್ತದೆ. ಭಾರವನ್ನೆಲ್ಲ ಅದು ಹೊರುತ್ತದೆ.

ಇದನ್ನು ಮೊದಲು ಕಂಡವರ ಕಥೆ ನನಗೆ ಬಹಳ ಇಷ್ಟ. 1883ರಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗ್‌ಗಳನ್ನು ಪರೀಕ್ಷಿಸುತ್ತಿದ್ದರು. ಬೇರಿಂಗಿನ ನೆತ್ತಿಯಲ್ಲಿ ಎಣ್ಣೆ ಬಿಡಲು ಒಂದು ತೂತು ಕೊರೆದರೆ, ಎಣ್ಣೆ ಒಳಗೆ ಇಳಿಯುವ ಬದಲು ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದರು, ಬಿರಡೆ ಹೊರಗೆ ಬಂತು. ಮರದ ಬೆಣೆ ಬಡಿದರು. ಅದನ್ನೂ ಎಣ್ಣೆ ನೂಕಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು, ಅದನ್ನು ಬೆಣೆಯಂತೆ ಒತ್ತಿ, ಆ ಒತ್ತಡದ ಮೇಲೆ ತೇಲುತ್ತಿತ್ತು. ಮೂರು ವರ್ಷಗಳ ಬಳಿಕ, 1886ರಲ್ಲಿ, ಆಸ್ಬರ್ನ್ ರೆನಾಲ್ಡ್ಸ್ ಅದರ ಗಣಿತವನ್ನು ಬರೆದರು. ಇಂದು ನಾವು ಓಡಿಸುವ ಕಾರಿನ ಕ್ರ್ಯಾಂಕ್ ಕೂಡ ಅದೇ ಬೆಣೆಯ ಮೇಲೆ ತೇಲುತ್ತದೆ. ಆಯಿಲ್ ಪಂಪಿನ ಕೆಲಸ ಆ ಸಂದಿಗೆ ಆಯಿಲ್ ಬತ್ತದಂತೆ ನೋಡಿಕೊಳ್ಳುವುದು.

ನನ್ನ ಕಾರಿನಲ್ಲಿ ಅದು ಬತ್ತಿದ್ದು ಹೇಗೆ? ಆಯಿಲ್ ಎಂಜಿನ್ನಿನ ತಳದ ತೊಟ್ಟಿಯಾದ ಸಂಪ್‌ನಲ್ಲಿ, ತಟ್ಟೆಯ ನೀರಿನಂತೆ ನಿಂತಿರುತ್ತದೆ. ಪಂಪಿನ ಹೀರುಕೊಳವೆ ಅದರಲ್ಲಿ ಮುಳುಗಿರುತ್ತದೆ. ತಿರುವಿನಲ್ಲಿ ಹೊರಕ್ಕೆ ತಳ್ಳುವ ಬಲ ವಸ್ತುವಿನ ತೂಕಕ್ಕೆ ಸಮನಾದರೆ ಆ ಎಣ್ಣೆಯ ಮಟ್ಟ 45 ಡಿಗ್ರಿ ಓರೆಯಾಗುತ್ತದೆ. ಸಾಮಾನ್ಯ ಟೈರಿನಲ್ಲಿ ಅಷ್ಟು ಬಲ ಬರುವ ಮೊದಲೇ ಕಾರು ಜಾರುತ್ತದೆ. ನಾನು ಆ ಸಲ ಹೊಸದಾಗಿ ಹೆಚ್ಚು ಹಿಡಿತದ ಮೃದು ಟೈರುಗಳನ್ನು ಹಾಕಿಸಿದ್ದೆ. ಕಾರು ಜಾರಲಿಲ್ಲ, ಆಯಿಲ್ ಜಾರಿತು. ಕೊಳವೆ ಗಾಳಿ ಕುಡಿಯಿತು. ಇದರಲ್ಲಿ ಕಾರು ಮಾಡಿದವರ ತಪ್ಪೇನೂ ಇಲ್ಲ; ರಸ್ತೆಗೆಂದು ಮಾಡಿದ ಸಂಪ್‌ಗೆ ರೇಸಿನ ಟೈರು ಕಟ್ಟಿದವನು ನಾನು.

ಡಿಪ್‌ಸ್ಟಿಕ್ ತೆಗೆದು ನೋಡಿದೆ. ಆಯಿಲ್ ಎರಡು ಗೆರೆಗಳ ನಡುವೆ ಇತ್ತು. ಬೆಳಗ್ಗೆ ಅದನ್ನೇ ನೋಡಿ ಸಾಕೆಂದುಕೊಂಡಿದ್ದೆ. ಟ್ರ್ಯಾಕ್‌ಗೆ ಇಳಿಯುವ ದಿನ ಮೇಲಿನ ಗೆರೆಗೆ ಸರಿಯಾಗಿ ತುಂಬಿಸಿರಬೇಕು ಎಂದು ಮೇಸ್ತ್ರಿ ಹೇಳಿದ್ದು ಆಗ ನೆನಪಾಯಿತು. ಫೋನ್ ಮಾಡಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ: ಮುಳ್ಳು ಎಷ್ಟು ಸಲ ಬಿತ್ತು, ಆಯಿಲ್ ಎಷ್ಟು ಬಿಸಿಯಿತ್ತು. ಎರಡು ಸಲ, 128 ಡಿಗ್ರಿ ಎಂದೆ.

“ಓಡಿಸಿಕೊಂಡು ಬರಬೇಡಿ ಸರ್. ಲಾರಿಗೆ ಹಾಕಿ ಕಳುಹಿಸಿ.”

“ಸದ್ದೇನೂ ಇಲ್ಲವಲ್ಲ ಮೇಸ್ತ್ರಿ?”

“ಸದ್ದು ಬಂದ ಮೇಲೆ ನಾನು ಏನು ಮಾಡಲಿ ಸರ್?”

ಮಧ್ಯಾಹ್ನ ಪಿಟ್‌ನ ನೆರಳಿನಲ್ಲಿ ಕುಳಿತು ಬೇರೆಯವರ ಓಟ ನೋಡುತ್ತಿದ್ದೆ. ಮೂರು ಗಂಟೆಯ ಹೊತ್ತಿಗೆ ಕೆಂಪು ಬಾವುಟ ಹಾರಿತು. ನನಗಿಂತ ಶಕ್ತಿಯ ಕಾರೊಂದು ನೇರ ದಾರಿಯ ಅಂಚಿನಲ್ಲಿ ನಿಂತಿತ್ತು. ಹಿಂದೆ ಐವತ್ತು ಮೀಟರ್ ಉದ್ದಕ್ಕೆ ಕಪ್ಪು ಎಣ್ಣೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ ಬ್ಲಾಕನ್ನು ಒಡೆದುಕೊಂಡು ಹೊರಬಂದಿತ್ತು. ಅಂಗೈ ತೂರುವಷ್ಟು ತೂತು. ಕಾರಿನ ಹುಡುಗ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದ. ಬೆಳಗ್ಗೆಯಿಂದ ಸಣ್ಣಗೆ ಟಕ್ ಟಕ್ ಎನ್ನುತ್ತಿತ್ತು, ಸೈಲೆನ್ಸರಿನ ಕ್ಲಾಂಪ್ ಸಡಿಲವಾಗಿದೆ ಎಂದುಕೊಂಡೆ ಎಂದು ಹೇಳಿದ. ಆ ಮುಖ ನೋಡಿದ ಮೇಲೆ ಲಾರಿ ಬಾಡಿಗೆಯ ಲೆಕ್ಕ ನನ್ನ ತಲೆಯಿಂದ ಹೋಯಿತು.

ಸವೆದ ಬೇರಿಂಗ್ ಮಾತಾಡುವುದು ಹಾಗೆಯೇ. ಸಂದು ಅಗಲವಾದಂತೆ ಆಯಿಲ್ ಬದಿಯಿಂದ ಸೋರಿಹೋಗುತ್ತದೆ, ರಾಡ್ ಪ್ರತಿ ಸುತ್ತಿಗೂ ಕ್ರ್ಯಾಂಕಿಗೆ ಬಡಿಯುತ್ತದೆ, ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾದಾಗ ಆ ಬಡಿತ ಎದ್ದು ಕೇಳುತ್ತದೆ. ಅದು ಕೇಳಿಸಿದ ಕ್ಷಣ ಎಂಜಿನ್ ಆರಿಸಿದವರಿಗೆ ಕ್ರ್ಯಾಂಕನ್ನು ಉಜ್ಜಿ ನಯಗೊಳಿಸುವ ಗ್ರೈಂಡಿಂಗ್‌ನಲ್ಲಿ ಮುಗಿಯಬಹುದು. ಮನೆ ಮುಟ್ಟಿದರೆ ಸಾಕು ಎಂದು ಓಡಿಸಿದವರಿಗೆ ಎಂಜಿನ್ ಉಳಿಯುವುದಿಲ್ಲ.

ಮೂರು ದಿನಗಳ ಬಳಿಕ ನಮ್ಮ ಮೇಸ್ತ್ರಿಯ ಗ್ಯಾರೇಜಿನಲ್ಲಿ ಕಾರು ಲಿಫ್ಟಿನ ಮೇಲಿತ್ತು. ಅವರು ಹದಿನಾಲ್ಕನೇ ವಯಸ್ಸಿಗೆ ಜೆ.ಸಿ. ರಸ್ತೆಯ ಕ್ರ್ಯಾಂಕ್ ಗ್ರೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವರು. ಮೊದಲು ಆಯಿಲ್ ಫಿಲ್ಟರಿನ ಕಾಗದವನ್ನು ಕತ್ತರಿಸಿ, ಹಿಂಡಿ, ಬಿಸಿಲಿಗೆ ಬಿಡಿಸಿ ಹಿಡಿದರು. ಮಡಿಕೆಗಳಲ್ಲಿ ಜರಿಯ ಪುಡಿಯಂತೆ ಸಣ್ಣ ಹೊಳಪು. ಅದರ ಮೇಲೆ ಅಯಸ್ಕಾಂತ ಆಡಿಸಿದರು. ಒಂದು ಕಣವೂ ಅಂಟಲಿಲ್ಲ. “ಕಬ್ಬಿಣವಲ್ಲ. ಶೆಲ್ಲಿನದು” ಎಂದರು.

ಎಂಜಿನ್ ಇಳಿಸದೆ, ಸಂಪ್ ಬಿಚ್ಚಿ ಕೆಳಗಿನಿಂದಲೇ, ಪ್ರತಿ ರಾಡನ್ನು ಕ್ರ್ಯಾಂಕಿಗೆ ಬಿಗಿದು ಹಿಡಿಯುವ ರಾಡ್ ಕ್ಯಾಪ್‌ಗಳನ್ನು ಒಂದೊಂದಾಗಿ ತೆಗೆದರು. ನನ್ನ ಎಂಜಿನ್ನಿನಲ್ಲಿ ರಾಡ್ ಮತ್ತು ಕ್ಯಾಪ್ ಬೇರೆ ಬೇರೆಯಾಗಿ ಮಾಡಿದವಲ್ಲ. ಒಂದೇ ತುಂಡಾಗಿ ಮಾಡಿ, ಆಮೇಲೆ ಬೇಕೆಂದೇ ಮುರಿದವು. ಮುರಿದ ಒರಟು ಅಂಚು ಅದರ ಜೊತೆಗಾರನ ಅಂಚಿಗೆ ಮಾತ್ರ ಕೂರುತ್ತದೆ. ಆದ್ದರಿಂದ ಪ್ರತಿ ಕ್ಯಾಪಿಗೂ ಅಂಕಿ ಬರೆದು, ದಿಕ್ಕು ತಪ್ಪದಂತೆ ಜೋಡಿಸಿಟ್ಟರು. ಹಳೆಯ ದಿನಪತ್ರಿಕೆಯ ಮೇಲೆ ಎಂಟು ಶೆಲ್‌ಗಳು ಎರಡು ಸಾಲಾಗಿ ಮಲಗಿದವು: ರಾಡ್ ಬದಿಯ ನಾಲ್ಕು ಮೇಲೆ, ಕ್ಯಾಪ್ ಬದಿಯ ನಾಲ್ಕು ಕೆಳಗೆ.

ಕೆಳಗಿನ ಸಾಲಿನಲ್ಲಿ ಎರಡು ಮತ್ತು ಮೂರನೆಯ ಶೆಲ್‌ಗಳ ಮೇಲೆ ಸಣ್ಣ ಸಣ್ಣ ಗೆರೆಗಳಿದ್ದವು, ಮೃದು ಲೋಹ ಅಲ್ಲಲ್ಲಿ ಉಜ್ಜಿ ಹರಡಿತ್ತು. ಅದು ಟ್ರ್ಯಾಕಿನ ಗಾಯ, ನನಗೂ ಅರ್ಥವಾಯಿತು. ಮೇಸ್ತ್ರಿ ಮಾತ್ರ ಅದನ್ನು ಒಮ್ಮೆ ನೋಡಿ ಬದಿಗಿಟ್ಟು, ಮೇಲಿನ ಸಾಲನ್ನೇ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ನಾಲ್ಕೂ ಶೆಲ್‌ಗಳ ನಡುಭಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಮೂರನೆಯದರಲ್ಲಿ ಬೂದು ಪದರ ಸವೆದು ಕೆಳಗಿನ ತಾಮ್ರ ಇಣುಕುತ್ತಿತ್ತು.

“ನೀವು ಘಾಟಿಯಲ್ಲಿ ಗೇರ್ ಇಳಿಸುವುದಿಲ್ಲವೇ ಸರ್?”

ನನಗೆ ಮಾತೇ ಹೊರಡಲಿಲ್ಲ. ಅಮ್ಮನ ಊರು ಪುತ್ತೂರು. ತಿಂಗಳಿಗೊಮ್ಮೆಯಾದರೂ ಶಿರಾಡಿ ಘಾಟಿ ಹತ್ತುತ್ತೇನೆ. ಟರ್ಬೊ ಎಂಜಿನ್ನಿಗೆ ಕೆಳಗಿನ ಸುತ್ತಿನಲ್ಲೇ ಎಳೆಯುವ ಬಲವಿದೆ ಎಂಬ ಹೆಮ್ಮೆಯಲ್ಲಿ, ಲಾರಿಯ ಹಿಂದಿನಿಂದ ಹೊರಬರುವಾಗಲೂ ಐದನೇ ಗೇರಿನಲ್ಲೇ, 1,500 ಸುತ್ತಿನಲ್ಲಿ, ಆಕ್ಸಿಲರೇಟರನ್ನು ಪೂರ್ತಿ ಒತ್ತುತ್ತಿದ್ದೆ. ಎಂಜಿನ್ ಗೊಣಗುತ್ತಾ ಎಳೆಯುತ್ತಿತ್ತು. ಹೆಚ್ಚು ಸುತ್ತಿದರೆ ಎಂಜಿನ್ ಸವೆಯುತ್ತದೆ, ಕಡಿಮೆ ಸುತ್ತಿನಲ್ಲಿ ಓಡಿಸಿದರೆ ಸುಖವಾಗಿರುತ್ತದೆ ಎಂದೇ ನಂಬಿದ್ದೆ.

ಎಣ್ಣೆಯ ಬೆಣೆಗೆ ಬಲ ಬರುವುದು ತಿರುಗುವ ವೇಗದಿಂದ. ಸುತ್ತು ಕಡಿಮೆಯಿದ್ದಾಗ ಬೆಣೆ ದುರ್ಬಲ. ಆಗಲೇ ಟರ್ಬೊ ತುಂಬಿದ ಗಾಳಿಯಲ್ಲಿ ಪೆಟ್ರೋಲ್ ಉರಿದು ಪಿಸ್ಟನ್ನನ್ನು ಪೂರ್ತಿ ಬಲದಿಂದ ಕೆಳಗೆ ಒತ್ತಿದರೆ, ಆ ಹೊಡೆತ ರಾಡ್ ಬದಿಯ ಮೇಲಿನ ಶೆಲ್ಲಿನ ನಡುಭಾಗಕ್ಕೇ ಬೀಳುತ್ತದೆ. ಆಯಿಲ್ ಪದರ ಅಲ್ಲಿ ತೆಳುವಾಗಿ ತೆಳುವಾಗಿ ಲೋಹಕ್ಕೆ ಲೋಹ ಸೋಕುತ್ತದೆ. ವರ್ಷಗಟ್ಟಲೆ ನಡೆದ ಆ ಸೋಕುವಿಕೆ ಈಗ ನನ್ನ ಮುಂದೆ ಪತ್ರಿಕೆಯ ಮೇಲೆ ಹೊಳೆಯುತ್ತಿತ್ತು. ಟ್ರ್ಯಾಕಿನ ಎರಡು ಸುತ್ತನ್ನು ಬೈದುಕೊಂಡು ಬಂದಿದ್ದ ನನಗೆ, ತಿಂಗಳು ತಿಂಗಳೂ ಹತ್ತಿದ ಘಾಟಿಯ ಲೆಕ್ಕವನ್ನು ಮೇಸ್ತ್ರಿ ಓದಿ ಹೇಳಿದರು.

ಕ್ರ್ಯಾಂಕ್ ಉಳಿದಿತ್ತು. ಅವರು ಅದರ ಮೈಮೇಲೆ ಉಗುರು ಎಳೆದರು; ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮೈಕ್ರೋಮೀಟರಿನಲ್ಲೂ ಅಳತೆ ಸರಿಯಿತ್ತು. ಹೊಸ ಶೆಲ್ ಕೂರಿಸಿ, ಸಂದಿಯಲ್ಲಿ ಪ್ಲಾಸ್ಟಿಗೇಜ್ ಎಂಬ ಮೇಣದಂಥ ಎಳೆಯನ್ನಿಟ್ಟು ಕ್ಯಾಪ್ ಬಿಗಿದು, ಮತ್ತೆ ಬಿಚ್ಚಿ, ಚಪ್ಪಟೆಯಾದ ಎಳೆಯ ಅಗಲವನ್ನು ಅಳತೆಪಟ್ಟಿಗೆ ಹಿಡಿದು ಸಂದು ಎಷ್ಟಿದೆ ಎಂದು ನೋಡಿದರು. ನಾಲ್ಕಕ್ಕೂ ಹಾಗೆಯೇ ಮಾಡಿದರು. ಕೆಲಸದ ಹುಡುಗ ಒರೆಸಲು ಬಟ್ಟೆಯ ಚೂರು ತಂದಾಗ, ಅದರ ಒಂದು ನೂಲು ಒಳಗೆ ಉಳಿದರೂ ಆಯಿಲ್ ದಾರಿ ಕಟ್ಟಬಹುದು ಎಂದು ಗದರಿಸಿ ಕಳುಹಿಸಿದರು. ಹಳೆಯ ರಾಡ್ ಬೋಲ್ಟ್‌ಗಳನ್ನು ನನ್ನ ಕಣ್ಣೆದುರೇ ಕಸದ ಡಬ್ಬಿಗೆ ಹಾಕಿದರು. ಅವು ಬಿಗಿಯುವಾಗ ಹಿಗ್ಗುವಂಥವು. ಒಮ್ಮೆ ಹಿಗ್ಗಿದ್ದನ್ನು ಮತ್ತೆ ನಂಬುವಂತಿಲ್ಲ. ಸಂಪಿನೊಳಗೆ ಕೊಳವೆಯ ಸುತ್ತ ತಡೆಗೋಡೆ ಹಾಕಿಸಿದೆವು. ಅದಕ್ಕೆ ಒಳಮುಖವಾಗಿ ಮಾತ್ರ ತೆರೆಯುವ ಪುಟ್ಟ ಬಾಗಿಲುಗಳಿವೆ, ಒಳಗೆ ಬಂದ ಆಯಿಲ್ ತಿರುವಿನಲ್ಲಿ ಹೊರಗೋಡುವುದಿಲ್ಲ. ಬಿಸಿ ತಗ್ಗಿಸಲು ಒಂದು ಆಯಿಲ್ ಕೂಲರ್ ಕೂಡ ಬಂತು.

ಎಂಜಿನ್ ಶುರು ಮಾಡುವ ಮೊದಲು ಮೇಸ್ತ್ರಿ, ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನ ಫ್ಯೂಸ್ ಕಿತ್ತು ಕೈಯಲ್ಲಿಟ್ಟುಕೊಂಡರು. ಉರಿಯದ ಎಂಜಿನ್ನನ್ನು ಸ್ಟಾರ್ಟರ್‌ನಲ್ಲಿ ಹತ್ತು ಸೆಕೆಂಡ್ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿದೆ. ಮೂರನೆಯ ಸಲಕ್ಕೆ ಮುಳ್ಳು ಮೆಲ್ಲಗೆ ಮೇಲೆದ್ದಿತು. ಆಮೇಲೆಯೇ ಫ್ಯೂಸ್ ಒಳಗೆ ಹೋದದ್ದು.

ಮತ್ತೆ ಟ್ರ್ಯಾಕಿಗೆ ಹೋಗಲು ಎರಡು ವರ್ಷ ಹಿಡಿಯಿತು. ನಡುವೆ ಲಾಕ್‌ಡೌನ್ ಬಂದು ಹೋಯಿತು. ಈಗ ಬೆಳಗ್ಗೆ ನೀರಿನ ಮೀಟರ್ ಸರಿಯಾದ ಜಾಗಕ್ಕೆ ಬಂದರೂ ಹೊರಡುವ ಆತುರವಿಲ್ಲ. ಆಯಿಲ್ ಬಿಸಿಯಾಗಲು ನೀರಿಗಿಂತ ಬಹಳ ಹೊತ್ತು ಬೇಕು. ಅದು 80 ಡಿಗ್ರಿ ದಾಟುವವರೆಗೆ ಎಂಜಿನ್ನನ್ನು 3,000 ಸುತ್ತಿನ ಮೇಲೆ ಕೊಂಡೊಯ್ಯುವುದಿಲ್ಲ. 125 ಮುಟ್ಟಿದರೆ ಯಾರು ಹಿಂದಿನಿಂದ ಬರುತ್ತಿದ್ದರೂ ದಾರಿ ಬಿಟ್ಟು ನಿಧಾನದ ಒಂದು ಸುತ್ತು ಹೋಗುತ್ತೇನೆ. ಶಿರಾಡಿಯಲ್ಲಿ ಮೂರನೇ ಗೇರ್. ಪಕ್ಕದಲ್ಲಿ ಕುಳಿತ ಅಮ್ಮ, ಯಾಕೋ ಕಾರು ಇಷ್ಟು ಜೋರಾಗಿ ಕೂಗುತ್ತಿದೆ ಎಂದು ಕೇಳುತ್ತಾರೆ. ಅದು ಉಸಿರಾಡುತ್ತಿದೆ ಅಮ್ಮ ಎನ್ನುತ್ತೇನೆ.

ಎರಡನೆಯ ಸಲ ಟ್ರ್ಯಾಕಿನಿಂದ ಬಂದ ಮರುದಿನ ಫಿಲ್ಟರ್ ಬದಲಿಸಿದೆವು. ಕತ್ತರಿಯನ್ನು ಈ ಸಲ ಮೇಸ್ತ್ರಿ ನನ್ನ ಕೈಗೆ ಕೊಟ್ಟರು. ಕಾಗದವನ್ನು ಹಿಂಡಿ, ಗ್ಯಾರೇಜಿನ ಬಾಗಿಲ ಬಿಸಿಲಿಗೆ ತಂದು, ಮಡಿಕೆ ಮಡಿಕೆಯಾಗಿ ಬಿಡಿಸಿ ನೋಡಿದೆ. ಕೊನೆಯ ಮಡಿಕೆಯವರೆಗೂ ಕಪ್ಪು ಎಣ್ಣೆ ಮಾತ್ರ ಇತ್ತು.